ಸತ್ತ ಕಾರ್ಡಿನ ನಂಬರು

ಜನನ ಮರಣ ನೋಂದಣಿ ಕಚೇರಿಯ ಮೆಟ್ಟಿಲ ಕೆಳಗೆ, ಬೇರೆ ಕಚೇರಿಗಳಲ್ಲಿ ಪೊರಕೆ ಬಕೆಟ್ಟು ಇಡುವಂಥ ಜಾಗದಲ್ಲಿ, ರಿಬ್ಬನ್ನಣ್ಣ ಕೂರುತ್ತಿದ್ದ. ಅಲ್ಲಿ ನೆಟ್ಟಗೆ ನಿಂತರೆ ತಲೆ ಮೆಟ್ಟಿಲಿಗೆ ಬಡಿಯುತ್ತಿತ್ತು. ಇಪ್ಪತ್ತೊಂಬತ್ತು ವರ್ಷ ಬಡಿಸಿಕೊಂಡ ಮೇಲೆ ಅವನು ಹೊರಗೂ ಸ್ವಲ್ಪ ಬಾಗಿಯೇ ನಡೆಯುತ್ತಿದ್ದ. ನೋಡಿದವರು ವಿನಯವಂತ ಎಂದುಕೊಳ್ಳುತ್ತಿದ್ದರು. ವಿನಯ ಅವನ ಹತ್ತಿರ ಸುಳಿದದ್ದು ಕಡಿಮೆ.

ಮೊದಲ ಹದಿನಾಲ್ಕು ವರ್ಷ ಅವನು ಕಚೇರಿಯ ಟೈಪ್‌ರೈಟರುಗಳನ್ನು ರಿಪೇರಿ ಮಾಡುತ್ತಿದ್ದ. ಅವುಗಳ ಶಾಯಿ ರಿಬ್ಬನ್ನು ಬದಲಾಯಿಸುತ್ತಿದ್ದುದರಿಂದ ಹೆಸರು ಅಂಟಿಕೊಂಡದ್ದು ಆಗ. ಬೆರಳಿನ ಶಾಯಿ ತೊಳೆದುಹೋದರೂ ಹೆಸರು ಹೋಗಲಿಲ್ಲ. ಒಂದು ಬೆಳಿಗ್ಗೆ ಲಾರಿ ಬಂದು ಟೈಪ್‌ರೈಟರುಗಳನ್ನೆಲ್ಲ ತುಂಬಿಕೊಂಡು ಹೋಯಿತು. ಮರುವಾರ ಕಂಪ್ಯೂಟರುಗಳು ಬಂದವು. “ಇಲ್ಲಿ ಯಂತ್ರದ ವಿಷಯ ಯಾರಿಗೆ ಗೊತ್ತು?” ಎಂದು ಆಗಿನ ಅಧಿಕಾರಿ ಕೇಳಿದಾಗ ಎಲ್ಲರೂ ಮೆಟ್ಟಿಲ ಕೆಳಗೆ ಬಗ್ಗಿ ನೋಡಿದರು. ನಲವತ್ತು ದಿನದ ತರಬೇತಿಗೆ ಹೋದ ರಿಬ್ಬನ್ನಣ್ಣ ಒಂದು ಪ್ರಮಾಣಪತ್ರವನ್ನೂ, ಎಂದೂ ಮುಗಿಯದ ಒಂದು ಭಾಷಣವನ್ನೂ ತೆಗೆದುಕೊಂಡು ವಾಪಸು ಬಂದ.

ಭಾಷಣದ ವಿಷಯ, ನೆಟ್‌ವರ್ಕ್ ಕಾರ್ಡು ಹೇಗೆ ಎದ್ದೇಳುತ್ತದೆ ಎಂಬುದು. ಕಂಪ್ಯೂಟರಿನ ಬೆನ್ನಿನಲ್ಲಿ ತಂತಿ ಚುಚ್ಚುವ ಆ ಅಂಗೈಯಗಲದ ಹಲಗೆಯ ಬಗ್ಗೆ ಅವನಿಗೆ ಇದ್ದ ಗೌರವ ತನ್ನ ಮೇಲಧಿಕಾರಿಗಳ ಬಗ್ಗೆ ಎಂದೂ ಇರಲಿಲ್ಲ. ಯಾರಾದರೂ ಬಂದು “ನೆಟ್ ಬರ್ತಾ ಇಲ್ಲ” ಎಂದರೆ ಸಾಕು, ಸ್ಕ್ರೂಡ್ರೈವರ್ ಕೆಳಗಿಟ್ಟು ಶುರುಮಾಡುತ್ತಿದ್ದ.

“ಬಟನ್ ಒತ್ತಿದ ಕೂಡ್ಲೇ ಅದು ಕೆಲಸಕ್ಕೆ ಇಳಿಯಲ್ಲ, ನೋಡಿ. ಮೊದಲು ತನ್ನ ಕೈಕಾಲು ಸರಿ ಇದ್ಯಾ ಅಂತ ತಾನೇ ಮುಟ್ಟಿ ನೋಡ್ಕೊಳ್ಳುತ್ತೆ. ಆಮೇಲೆ ಕಂಪ್ಯೂಟರಿಗೆ ‘ನಾನಿದ್ದೀನಿ’ ಅನ್ನುತ್ತೆ. ಕಂಪ್ಯೂಟರಿಗೆ ಇದರ ಭಾಷೆ ಬರಲ್ಲ. ಮಧ್ಯೆ ಡ್ರೈವರ್ ಅಂತ ಒಂದು ಪ್ರೋಗ್ರಾಂ ಇದೆ, ಅದು ದುಭಾಷಿ. ಅದು ಬಂದು ಕೂತ ಮೇಲೆ ಕಾರ್ಡು ತಂತಿ ಕಡೆ ಕಿವಿ ಕೊಡುತ್ತೆ. ಆ ತುದೀಲಿ ಯಾರಾದ್ರೂ ಇದ್ದಾರಾ? ಇದ್ರೆ, ನಾನು ಇಷ್ಟು ಜೋರಾಗಿ ಓಡ್ತೀನಿ, ನೀನೆಷ್ಟು ಓಡ್ತೀಯ ಅಂತ ಇಬ್ಬರೂ ಕೇಳ್ಕೋತಾರೆ. ಇಬ್ಬರ ಕೈಲೂ ಆಗೋ ವೇಗಕ್ಕೆ ಒಪ್ಕೋತಾರೆ. ಆಗ ಹಸಿರು ದೀಪ.”

“ಸರಿ, ಹಸಿರು ದೀಪ ಬಂತಲ್ಲ, ಹಾಗಾದ್ರೆ...”

“ತಡೀರಿ. ಇನ್ನೂ ವಿಳಾಸ ಇಲ್ಲ ಅದಕ್ಕೆ! ಹುಟ್ಟಿದಾಗ ಕಾರ್ಖಾನೇಲಿ ಮೈಮೇಲೆ ಬರೆದು ಕಳಿಸಿದ ಒಂದು ನಂಬರು ಮಾತ್ರ ಇರುತ್ತೆ. ಆ ನಂಬರು ಹೇಳಿ ಇಡೀ ಕಚೇರಿಗೆ ಕೇಳೋ ಹಾಗೆ ಕೂಗುತ್ತೆ, ‘ನಾನು ಇಂಥವನು, ನನಗೊಂದು ವಿಳಾಸ ಕೊಡಿ’ ಅಂತ. ಮೇಲಿನ ಮಹಡೀಲಿ ದೊಡ್ಡ ಕಂಪ್ಯೂಟರಿದೆ, ಸರ್ವರ್ ಅಂತ, ಅದು ‘ಇದು ತಗೋತೀಯಾ?’ ಅನ್ನುತ್ತೆ. ಇದು ‘ತಗೋತೀನಿ’ ಅನ್ನುತ್ತೆ. ಅದು ‘ಆಯ್ತು, ನಿನ್ನದೇ’ ಅನ್ನುತ್ತೆ. ಅಷ್ಟಾದ್ರೂ ಮಾನವಂತ ಕಾರ್ಡು ಕೂರಲ್ಲ. ‘ಈ ವಿಳಾಸ ಇಟ್ಕೊಂಡೋರು ಬೇರೆ ಯಾರಾದ್ರೂ ಇದ್ದೀರಾ?’ ಅಂತ ಕೊನೇ ಸಲ ಎಲ್ಲರನ್ನೂ ಕೇಳುತ್ತೆ. ಯಾರೂ ತುಟಿ ಬಿಚ್ಚದಿದ್ರೆ ಮಾತ್ರ ಕೆಲಸ ಶುರು.”

“ಇಷ್ಟಕ್ಕೆಲ್ಲ ಎಷ್ಟು ಹೊತ್ತು ಬೇಕು?”

“ಎರಡೋ ಮೂರೋ ಸೆಕೆಂಡು.”

“ನೀವು ಹತ್ತು ನಿಮಿಷ ತಗೊಂಡ್ರಲ್ಲ!”

ರಿಬ್ಬನ್ನಣ್ಣ ಇದಕ್ಕೆಲ್ಲ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಸ್ಕ್ರೂಡ್ರೈವರನ್ನು ಮತ್ತೆ ಕೈಗೆತ್ತಿಕೊಳ್ಳುತ್ತ ಕೊನೆಯ ಮಾತು ಹೇಳುತ್ತಿದ್ದ: “ಆ ನಂಬರು ಪ್ರಪಂಚದಲ್ಲಿ ಇನ್ನೊಂದಕ್ಕೆ ಇರಲ್ಲ. ಮನುಷ್ಯರು ಬೇಕಾದ್ದು ಹೇಳ್ಲಿ. ಕಾರ್ಡು ಸುಳ್ಳು ಹೇಳಲ್ಲ.”

ಅವನ ಇನ್ನೊಂದು ಗುಣ, ಏನನ್ನೂ ಬಿಸಾಡದಿರುವುದು. ಟೈಪ್‌ರೈಟರ್ ಕಾಲದ ಅಭ್ಯಾಸ ಅದು. ಮುರಿದ ಯಂತ್ರದ ಒಂದು ಸ್ಪ್ರಿಂಗು ಐದು ವರ್ಷ ಬಿಟ್ಟು ಇನ್ನೊಂದು ಯಂತ್ರವನ್ನು ಬದುಕಿಸುತ್ತಿತ್ತು. ಮೆಟ್ಟಿಲ ಅಡಿಭಾಗದ ಗೋಡೆಗೆ ಹೊಡೆದ ಹಲಗೆಗಳ ಮೇಲೆ ನಲವತ್ತೊಂದು ತಗಡಿನ ಡಬ್ಬಿಗಳಿದ್ದವು. ಕೆಟ್ಟ ಕಾರ್ಡು, ಕೊಂಡಿ ಮುರಿದ ತಂತಿ, ಯಾವುದಕ್ಕೂ ಹೊಂದದ ತಿರುಪು, ಎಲ್ಲಕ್ಕೂ ಒಂದೊಂದು ಡಬ್ಬಿ, ಮೇಲೆ ಚೀಟಿ. ಕೈ ಖಾಲಿ ಇದ್ದ ಮಧ್ಯಾಹ್ನಗಳಲ್ಲಿ ಅವನು ಒಂದೊಂದೇ ಡಬ್ಬಿ ಇಳಿಸಿ ಸತ್ತ ಕಾರ್ಡುಗಳಿಗೆ ಬೆಸುಗೆ ಹಾಕಿ ಎಬ್ಬಿಸಲು ನೋಡುತ್ತಿದ್ದ. ಹತ್ತರಲ್ಲಿ ಒಂದು ಏಳುತ್ತಿತ್ತು. ಆ ದಿನ ಮನೆಗೆ ಹೋಗುವಾಗ ಅವನ ಬೆನ್ನು ಸ್ವಲ್ಪ ನೆಟ್ಟಗಿರುತ್ತಿತ್ತು.

ಕಚೇರಿಯಲ್ಲಿ ಎರಡು ಮುಖ್ಯ ಕಿಟಕಿಗಳು. ಎಡಗಡೆ ಜನನ ವಿಭಾಗ, ಅಲ್ಲಿ ಕೂರುವಾಕೆಯನ್ನು ಎಲ್ಲರೂ ಜನನದಮ್ಮ ಎನ್ನುತ್ತಿದ್ದರು. ಬಲಗಡೆ ಮರಣ ವಿಭಾಗ, ಅಲ್ಲಿನ ಗುಮಾಸ್ತ ಮರಣದಪ್ಪ. ಇಬ್ಬರ ನಡುವೆ ಒಂದು ಗೋಡೆ, ಗೋಡೆಯಲ್ಲಿ ಫೈಲು ದಾಟಿಸಲು ಒಂದು ಕಿಂಡಿ. ಇಬ್ಬರದೂ ಎಣ್ಣೆ ಸೀಗೇಕಾಯಿ ಸಂಬಂಧ. ಹನ್ನೊಂದು ವರ್ಷದ ಹಿಂದೆ ಮರಣ ವಿಭಾಗದ ಸ್ಟೇಪ್ಲರು ಜನನ ವಿಭಾಗದ ಡ್ರಾಯರಿನಲ್ಲಿ ಸಿಕ್ಕಿತ್ತು. ಅಂದಿನಿಂದ ಮಾತಿಲ್ಲ. ಏನಾದರೂ ಹೇಳಬೇಕಿದ್ದರೆ ಕಿಂಡಿಯಲ್ಲಿ ಚೀಟಿ ಬರುತ್ತಿತ್ತು: “ಪಕ್ಕದ ವಿಭಾಗದ ಗಮನಕ್ಕೆ. ನಿಮ್ಮ ಫ್ಯಾನು ಕಿರುಗುಟ್ಟುತ್ತಿದೆ.” ಉತ್ತರ ಅದೇ ಚೀಟಿಯ ಹಿಂಬದಿಯಲ್ಲಿ ಹೋಗುತ್ತಿತ್ತು: “ನಿಮ್ಮ ಕುರ್ಚಿಯಷ್ಟಲ್ಲ.”

ಒಂದು ಸೋಮವಾರ ಜನನದಮ್ಮನ ಮೇಜಿನ ಹೂದಾನಿ ಉರುಳಿ ನೀರೆಲ್ಲ ಕಂಪ್ಯೂಟರಿನ ಬೆನ್ನಿಗೆ ಇಳಿಯಿತು. ಕಂಪ್ಯೂಟರು ಬದುಕಿತು, ಕಾರ್ಡು ಸತ್ತಿತು. ರಿಬ್ಬನ್ನಣ್ಣ ಹಲಗೆಯ ಮೇಲಿನ ಡಬ್ಬಿಗಳಿಗೆ ಕೈಹಾಕಿ, ಹಿಂದೆಂದೋ ಬೆಸೆದು ಎಬ್ಬಿಸಿಟ್ಟಿದ್ದ ಒಂದು ಕಾರ್ಡನ್ನು ತಂದು ಕೂರಿಸಿದ. ಬಟನ್ ಒತ್ತಿದ. ಹಸಿರು ದೀಪ ಬಂತು, ವಿಳಾಸ ಬಂತು, ಜನನದ ಪುಟ ತೆರೆದುಕೊಂಡಿತು.

“ಮೊದಲನೇ ಏಟಿಗೇ ಬಂತು ನೋಡಿದ್ರಾ?” ಎಂದು ಬೀಗಿದ. “ಯಾವ ಕಸರತ್ತೂ ಬೇಕಾಗ್ಲಿಲ್ಲ!”

ಕಸರತ್ತು ಬೇಕಾಗಲಿಲ್ಲವೆಂದೇ ಅವನು ಬೆಚ್ಚಿಬೀಳಬೇಕಿತ್ತು. ಅವನು ಬೀಗಿದ.

ಹತ್ತೂವರೆಗೆ ಮರಣದಪ್ಪ ಓಡಿಬಂದ. “ರಿಬ್ಬನ್ನಣ್ಣ, ನಂದು ಹೋಯ್ತು!”

ಹೋಗಿ ನೋಡಿದರೆ ಹಸಿರು ದೀಪ ಉರಿಯುತ್ತಿದೆ, ವಿಳಾಸವೂ ಇದೆ, ಪುಟ ಮಾತ್ರ ತೆರೆಯುತ್ತಿಲ್ಲ. ಆರಿಸಿ ಹಚ್ಚಿದ. ಬಂತು. ಬಾಗಿಲು ದಾಟುವಷ್ಟರಲ್ಲಿ ಎಡಗಡೆಯಿಂದ ಜನನದಮ್ಮನ ದನಿ: “ರಿಬ್ಬನ್ನಣ್ಣ, ನಂದು ಹೋಯ್ತು!”

ಮಂಗಳವಾರವೂ ಅದೇ ಕಥೆ. ಇವರದು ಬಂದರೆ ಅವರದು ಹೋಗುತ್ತಿತ್ತು, ಅವರದು ಬಂದರೆ ಇವರದು. ಸಾಲಿನಲ್ಲಿ ನಿಂತವರು ಮೊದಲು ಗೊಣಗಿದರು, ಆಮೇಲೆ ತಮಾಷೆಗೆ ಇಳಿದರು. “ಸಾಯೋರು ಸ್ವಲ್ಪ ತಡ್ಕೊಳ್ಳಿ, ಇಲ್ಲೊಂದು ಮಗು ಹುಟ್ಟಬೇಕಾಗಿದೆ” ಎಂದು ಹೊಸ ತಂದೆಯೊಬ್ಬ ಬಲಗಡೆ ಸಾಲಿಗೆ ಕೂಗಿ ಹೇಳಿದ. ಕಿಂಡಿಯಲ್ಲಿ ಚೀಟಿಗಳು ಹಾರಾಡಿದವು. ಪಕ್ಕದ ವಿಭಾಗದವರು ತನ್ನ ತಂತಿಯನ್ನು ಎಳೆಯುತ್ತಿದ್ದಾರೆ ಎಂದು ಮರಣದಪ್ಪ ಅಧಿಕಾರಿಗೆ ಎರಡು ಪುಟ ದೂರು ಬರೆದ. ಜನನದಮ್ಮ ಮೂರು ಪುಟ ಬರೆದಳು, ಅದರಲ್ಲಿ ಸ್ಟೇಪ್ಲರಿನ ಪ್ರಸ್ತಾಪವೂ ಇತ್ತು.

ಅಧಿಕಾರಿ ಹೊಸಬಳು, ವಯಸ್ಸು ರಿಬ್ಬನ್ನಣ್ಣನ ನೌಕರಿಗಿಂತ ಸ್ವಲ್ಪವೇ ಹೆಚ್ಚು. ಅವನನ್ನು ಕರೆಸಿ ಕೂರಲೂ ಹೇಳದೆ ಮಾತು ಶುರುಮಾಡಿದಳು.

“ಶನಿವಾರ ಸಂಜೆವರೆಗೆ ಟೈಮ್ ಕೊಡ್ತೀನಿ. ಅಷ್ಟರಲ್ಲಿ ಸರಿಯಾಗದಿದ್ರೆ ಈ ಕೆಲಸ ಹೊರಗಿನ ಕಂಪನಿಗೆ. ನಿಮಗೆ ಇನ್ನೆಷ್ಟು ವರ್ಷ ಇದೆ?”

“ಮೂರು, ಮೇಡಂ.”

“ಮೂರು ವರ್ಷ ನೆಲಮಾಳಿಗೆಯ ಹಳೇ ದಾಖಲೆ ಕೋಣೇಲಿ ಇರಬಹುದು. ಅಲ್ಲಿ ಯಂತ್ರ ಯಾವುದೂ ಇಲ್ಲ, ಕೆಡೋದೂ ಇಲ್ಲ.”

ನೆಲಮಾಳಿಗೆಯಲ್ಲಿ ಇದ್ದವರು ಜಿರಳೆಗಳು ಮತ್ತು ಹಿಂದೊಮ್ಮೆ ಅಧಿಕಾರಿಗೆ ಎದುರಾಡಿದ ಒಬ್ಬ ಗುಮಾಸ್ತ. ಕೈಯಲ್ಲಿ ಸ್ಕ್ರೂಡ್ರೈವರ್ ಇಲ್ಲದ ಮೂರು ವರ್ಷವನ್ನು ರಿಬ್ಬನ್ನಣ್ಣನಿಂದ ಊಹಿಸಿಕೊಳ್ಳಲೇ ಆಗಲಿಲ್ಲ.

ಬುಧವಾರ ಅವನು ತಂತಿ ಬದಲಾಯಿಸಿದ. ಗುರುವಾರ ಪಡಸಾಲೆಯ ಪೆಟ್ಟಿಗೆಯನ್ನೇ ಬದಲಾಯಿಸಿದ. ಕಚೇರಿಯ ಎಲ್ಲ ತಂತಿಗಳೂ ಬಂದು ಸೇರುವ ಪೆಟ್ಟಿಗೆ ಅದು. ಯಾವ ನಂಬರಿನ ಕಾರ್ಡು ಯಾವ ಕೋಣೆಯಲ್ಲಿದೆ ಎಂದು ನೆನಪಿಟ್ಟುಕೊಂಡು, ಬಂದ ಉತ್ತರವನ್ನು ಆ ಕೋಣೆಗೆ ಮುಟ್ಟಿಸುವುದು ಅದರ ಕೆಲಸ. ಯಾವುದರಿಂದಲೂ ಏನೂ ಆಗಲಿಲ್ಲ. ಎರಡು ಕೋಣೆಗಳ ನಡುವೆ ಪಡಸಾಲೆಯಲ್ಲಿ ನಿಂತು ಅವನು ಕೂಗುತ್ತಿದ್ದ, ಅವರು ಉತ್ತರ ಕೊಡುತ್ತಿದ್ದರು.

“ಜನನ?”

“ಬಂತು!”

“ಮರಣ?”

“ಹೋಯ್ತು!”

ಮನೆಯಲ್ಲಿ ಹೆಂಡತಿ ಎರಡು ದಿನ ನೋಡಿದಳು. ಶುಕ್ರವಾರ ಬೆಳಿಗ್ಗೆ ಲೋಟವನ್ನು ಅವನ ಮುಂದೆ ಟಪ್ಪನೆ ಇಟ್ಟಳು.

“ನಿಮ್ಮ ಆ ಕಾರ್ಡು ಎದ್ದ ತಕ್ಷಣ ‘ನಾನಿದ್ದೀನಿ’ ಅನ್ನುತ್ತಂತಲ್ಲ. ನೀವು ಎದ್ದು ಒಂದು ಗಂಟೆ ಆಯ್ತು. ಇದ್ದೀರಾ, ಇಲ್ವಾ?”

“ಎರಡೂ ಸರಿ ಇವೆ ಕಣೇ. ಎರಡೂ ಸರಿಯಾಗಿ ಏಳ್ತವೆ, ಸರಿಯಾಗಿ ವಿಳಾಸ ಕೇಳ್ತವೆ. ಬೇರೆ ಯಾರಾದ್ರೂ ಇದ್ದೀರಾ ಅಂತನೂ ಕೇಳ್ತವೆ. ಯಾರೂ ಇಲ್ಲ ಅಂತ ಗೊತ್ತಾದ ಮೇಲೇ ಕೂರ್ತವೆ.”

“ಹಾಗಾದ್ರೆ ಯಾರೋ ಸುಳ್ಳು ಹೇಳ್ತಾ ಇದ್ದಾರೆ.”

“ಕಾರ್ಡು ಸುಳ್ಳು ಹೇಳಲ್ಲ.”

“ನೀವು ಹೇಳ್ತೀರಲ್ಲ” ಎಂದು ಅವಳು ಒಳಗೆ ಹೋದಳು. ಅದು ಅವರ ಮದುವೆಯ ಹಳೆಯ ಜಗಳಗಳಲ್ಲಿ ಒಂದರ ತುಣುಕು, ಕಾರ್ಡಿಗೆ ಸಂಬಂಧಿಸಿದ್ದಲ್ಲ. ಅವನು ಆ ಮಾತಿಗೆ ಕಿವಿಗೊಡಲಿಲ್ಲ. ಕೊಟ್ಟಿದ್ದರೆ ಅರ್ಧ ದಿನ ಉಳಿಯುತ್ತಿತ್ತು.

ಆ ದಿನ ಹನ್ನೊಂದು ಗಂಟೆಗೆ ಕೊಡೆ ಊರಿಕೊಂಡು ಒಬ್ಬ ಅಜ್ಜಿ ಬಂದಳು. ಅವಳಿಗೆ ಎರಡೂ ಕಿಟಕಿಯಲ್ಲಿ ಕೆಲಸವಿತ್ತು, ಎಡಗಡೆ ಮೊಮ್ಮಗಳ ಜನನ, ಬಲಗಡೆ ಗಂಡನ ಮರಣ. ಎಡಗಡೆ ಸಾಲಿನ ಮುಂದಕ್ಕೆ ಬರುವ ಹೊತ್ತಿಗೆ “ಹೋಯ್ತು!” ಬಲಗಡೆಗೆ ಹೋಗಿ ಕಾದು ಕಿಟಕಿಗೆ ಮುಖ ಕೊಡುವಷ್ಟರಲ್ಲಿ ಅಲ್ಲೂ “ಹೋಯ್ತು!” ನಾಲ್ಕು ಸಲ ಹೀಗೆ ಓಡಾಡಿದ ಮೇಲೆ ಅವಳು ಪಡಸಾಲೆಯ ನಡುವೆ ಕೊಡೆ ಊರಿ ನಿಂತು ರಿಬ್ಬನ್ನಣ್ಣನನ್ನು ಕರೆದಳು.

“ಏನಪ್ಪ, ಇಬ್ಬರಿಗೂ ಸೇರಿ ಎಷ್ಟು ಕೊಟ್ಟಿದ್ದೀಯ?”

“ಏನು ಎಷ್ಟು, ಅಜ್ಜಿ?”

“ಅದೇ, ಆ ಪೆಟ್ಟಿಗೆ ನಡೆಸೋದು ಏನಿದೆಯೋ ಅದು. ನಮ್ಮ ಯಜಮಾನರಿಗೂ ನನಗೂ ಇದ್ದದ್ದು ಒಂದೇ ಕನ್ನಡಕ. ಅವರು ಪೇಪರ್ ಓದಬೇಕಾದ್ರೆ ನಾನು ಸೂಜಿ ಪೋಣಿಸೋ ಹಾಗಿಲ್ಲ. ನಾನು ಇಸ್ಕೊಂಡ್ರೆ ಅವರು ಕುರುಡು. ಹೊರಗಿನವರಿಗೆ ಇಬ್ಬರ ಹತ್ರಾನೂ ಕನ್ನಡಕ ಇದೆ ಅಂತ್ಲೇ ಲೆಕ್ಕ. ಇಲ್ಲೂ ಒಂದೇ ಕನ್ನಡಕ ಇದ್ದ ಹಾಗಿದೆ.”

“ಹಾಗಾಗಲ್ಲ ಅಜ್ಜಿ. ಎರಡಕ್ಕೂ ಬೇರೆ ಬೇರೆ ಕಾರ್ಡು, ಬೇರೆ ಬೇರೆ ನಂಬರು. ಪ್ರಪಂಚದಲ್ಲಿ ಒಂದು ನಂಬರು ಇನ್ನೊಂದಕ್ಕೆ...”

ಅಲ್ಲಿಗೆ ಅವನ ಭಾಷಣ ನಿಂತಿತು. ಹದಿನೈದು ವರ್ಷದಲ್ಲಿ ಅದು ತಾನಾಗಿ ನಿಂತದ್ದು ಅದೇ ಮೊದಲು.

ಅವನು ಮೆಟ್ಟಿಲ ಕೆಳಗೆ ಓಡಿದ. ತಲೆ ಬಡಿಯಿತು, ಉಜ್ಜಿಕೊಳ್ಳಲಿಲ್ಲ. ಸೋಮವಾರ ಕಾರ್ಡು ತೆಗೆದ ಡಬ್ಬಿಯನ್ನು ಇಳಿಸಿ ಚೀಟಿ ಓದಿದ. ಅವನದೇ ಕೈಬರಹ: “ಮರಣ ವಿಭಾಗ. ಹಳೆಯದು.”

ಹೋದ ವರ್ಷ ಮರಣದಪ್ಪನ ಕಂಪ್ಯೂಟರಿನ ಕಾರ್ಡು ಸತ್ತಿತ್ತು. ಹೊಸದು ಹಾಕಿದರೆ ಸಾಲದು. ಕೇಂದ್ರ ಕಚೇರಿಯಲ್ಲಿ ಒಂದು ಪಟ್ಟಿ ಇದೆ, ಅದರಲ್ಲಿ ನಂಬರು ಇರುವ ಕಾರ್ಡನ್ನು ಮಾತ್ರ ಒಳಗೆ ಬಿಡುತ್ತಾರೆ. ಹೊಸ ನಂಬರು ಸೇರಿಸಲು ಅರ್ಜಿ ಕೊಟ್ಟು ಮೂರು ತಿಂಗಳು ಕಾಯಬೇಕು. ಸಾಯುವವರು ಮೂರು ತಿಂಗಳು ಕಾಯುವುದಿಲ್ಲವಲ್ಲ. ಅದಕ್ಕೆ ರಿಬ್ಬನ್ನಣ್ಣ ಒಂದು ಕಸರತ್ತು ಮಾಡಿದ್ದ. ಕಾರ್ಡಿಗೆ ತನ್ನ ಹುಟ್ಟುನಂಬರು ಬಿಟ್ಟು ಬೇರೊಂದು ನಂಬರು ಹೇಳುವಂತೆ ಕಂಪ್ಯೂಟರಿನಲ್ಲಿ ಕಲಿಸಿಕೊಡಬಹುದು. ಸತ್ತ ಕಾರ್ಡಿನ ನಂಬರನ್ನು ಹೊಸ ಕಾರ್ಡಿನ ಬಾಯಲ್ಲಿ ಹೇಳಿಸಿದ. ಪಟ್ಟಿ ಒಪ್ಪಿಕೊಂಡಿತು. ಕೆಲಸ ನಡೆಯಿತು, ವಿಷಯ ಮರೆತುಹೋಯಿತು. ಆಮೇಲೆ ಯಾವುದೋ ಒಂದು ಬಿಡುವಿನ ಮಧ್ಯಾಹ್ನ ಸತ್ತದ್ದನ್ನು ಬೆಸೆದು ಎಬ್ಬಿಸಿದ್ದೂ ಅವನೇ. ಈ ಸೋಮವಾರ ಅದನ್ನೇ ಜನನದಮ್ಮನ ಕಂಪ್ಯೂಟರಿಗೆ ಹಾಕಿದ್ದೂ ಅವನೇ. ಮೊದಲನೇ ಏಟಿಗೇ ಬಂದದ್ದು ಆ ನಂಬರು ಪಟ್ಟಿಯಲ್ಲಿ ಮೊದಲೇ ಇದ್ದುದರಿಂದ.

ಈಗ ಕಚೇರಿಯಲ್ಲಿ ಒಂದೇ ನಂಬರು ಹೇಳುವ ಕಾರ್ಡುಗಳು ಎರಡು. ಮೇಲಿನ ಮಹಡಿಯ ಸರ್ವರ್, ಇಬ್ಬರೂ ಒಬ್ಬರೇ ಎಂದು ತಿಳಿದು, ಒಂದೇ ವಿಳಾಸ ಕೊಟ್ಟಿತ್ತು. ಪಡಸಾಲೆಯ ಪೆಟ್ಟಿಗೆ, ಯಾವ ಕೋಣೆಯಿಂದ ಕೊನೆಯದಾಗಿ ದನಿ ಕೇಳಿತೋ ಉತ್ತರವನ್ನೆಲ್ಲ ಆ ಕೋಣೆಗೆ ಒಯ್ಯುತ್ತಿತ್ತು. ಇನ್ನು ಆ ಕೊನೆಯ ಮಾನವಂತ ಪ್ರಶ್ನೆ, ಈ ವಿಳಾಸದವರು ಬೇರೆ ಯಾರಾದರೂ ಇದ್ದೀರಾ ಎಂಬುದು, ಅದು ಪಕ್ಕದ ಕೋಣೆಗೆ ಮುಟ್ಟುತ್ತಲೇ ಇತ್ತು. ಕೇಳಿಸಿಕೊಂಡ ಕಾರ್ಡು ನಂಬರು ನೋಡಿ, ಇದು ನನ್ನದೇ ದನಿಯ ಮಾರ್ದನಿ ಎಂದುಕೊಂಡು ಸುಮ್ಮನಿತ್ತು.

ರಿಬ್ಬನ್ನಣ್ಣ ಸ್ಟೂಲಿನ ಮೇಲೆ ಕುಕ್ಕರಿಸಿದ. ಹೆಂಡತಿ ಹೇಳಿದ್ದು ಈಗ ಕಿವಿಗೆ ಬಿತ್ತು.

ಸರಿಪಡಿಸುವುದು ಐದು ನಿಮಿಷದ ಕೆಲಸ. ಹೂದಾನಿಯ ನೀರಿಗೆ ಸತ್ತ ಜನನದ ಕಾರ್ಡಿಗೂ ಪಟ್ಟಿಯಲ್ಲಿ ಒಂದು ನಂಬರಿತ್ತು. ಅದನ್ನು ಈಗಿನ ಕಾರ್ಡಿಗೆ ಹೇಳಿಕೊಟ್ಟರೆ ಮುಗಿಯಿತು. ಯಾರಿಗೂ ಗೊತ್ತಾಗದು. ನೆಲಮಾಳಿಗೆ ತಪ್ಪುತ್ತದೆ. ಎದ್ದು ಎರಡು ಹೆಜ್ಜೆ ಇಟ್ಟ.

ಪಡಸಾಲೆಯಲ್ಲಿ ಅಧಿಕಾರಿ ನಿಂತಿದ್ದಳು. ಕೈಯಲ್ಲಿ ಎರಡೂ ದೂರುಗಳ ಹಾಳೆ, ಎದುರಿಗೆ ಜನನದಮ್ಮ, ಮರಣದಪ್ಪ, ಹಿಂದೆ ಎರಡೂ ಸಾಲಿನ ಜನ.

“ಸೋಮವಾರ ಈಕೆ ಕಂಪ್ಯೂಟರಿಗೆ ನೀರು ಚೆಲ್ಲಿದ್ದು. ಅವತ್ತಿನಿಂದಲೇ ಈ ಗೋಳು” ಎಂದಳು ಅಧಿಕಾರಿ. “ಸರಿಯಾಗ್ಲಿ ಬಿಡ್ಲಿ, ಕಾರಣ ಇವರೇ ಅಂತ ಬರೆದು ಕಳಿಸ್ತೀನಿ. ನೆಲಮಾಳಿಗೇಲಿ ಜಾಗ ಇದೆ.”

ಮರಣದಪ್ಪನ ಮುಖ ಅರಳಿದ್ದನ್ನು ಸಾಲಿನಲ್ಲಿದ್ದ ಎಲ್ಲರೂ ನೋಡಿದರು.

ರಿಬ್ಬನ್ನಣ್ಣನಿಗೆ ಜನನದಮ್ಮನ ಮೇಲೆ ವಿಶೇಷ ಪ್ರೀತಿಯೇನೂ ಇರಲಿಲ್ಲ, ಅವನ ಭಾಷಣದ ನಡುವೆ ಆಕಳಿಸುವವಳು ಅವಳೇ. ಅವನನ್ನು ಚುಚ್ಚಿದ್ದು ಬೇರೆ. ತಪ್ಪು ಕಾರಣವೊಂದನ್ನು ಕಾಗದದ ಮೇಲೆ ಬರೆಯುತ್ತಾರೆ, ಅದು ದಾಖಲೆಯಾಗಿ ಉಳಿಯುತ್ತದೆ. ನೀರು ಬಿದ್ದರೆ ಪಕ್ಕದ ಕೋಣೆಯ ಕಾರ್ಡು ನಿಲ್ಲುತ್ತದೆ ಎಂದು ಮುಂದೆ ಯಾರಾದರೂ ಓದಿ ನಂಬುತ್ತಾರೆ. ಒಬ್ಬ ಮೆಕ್ಯಾನಿಕ್ಕನಿಗೆ ಇದು ಸಹಿಸುವ ಮಾತಲ್ಲ.

“ನೀರಲ್ಲ ಮೇಡಂ” ಎಂದ. “ಅವರಲ್ಲ, ಇವರೂ ಅಲ್ಲ. ನಾನು.”

ಎಲ್ಲವನ್ನೂ ಹೇಳಿದ. ಭಾಷಣವನ್ನು ಒಂದು ಹಂತವನ್ನೂ ಬಿಡದೆ ಮೊದಲಿನಿಂದ ಹೇಳಿದ, ಯಾಕೆಂದರೆ ಅದಿಲ್ಲದೆ ತಪ್ಪು ಅರ್ಥವಾಗುತ್ತಿರಲಿಲ್ಲ. ಅಷ್ಟೂ ವರ್ಷದಲ್ಲಿ ಅದನ್ನು ಜನ ಕೊನೆವರೆಗೆ ಉಸಿರು ಬಿಗಿಹಿಡಿದು ಕೇಳಿದ್ದು ಅವತ್ತೊಂದೇ ದಿನ.

ಮೊದಲು ಬಾಯಿಬಿಟ್ಟವನು ಮರಣದಪ್ಪ. “ಅಂದ್ರೆ ಸತ್ತದ್ದನ್ನ ಎಬ್ಬಿಸಿ, ಅದರ ಹೆಸರಲ್ಲಿ ಇನ್ನೊಬ್ಬ ಇರುವಾಗ್ಲೇ, ಜನನ ವಿಭಾಗಕ್ಕೆ ಕಳಿಸಿದ್ರಾ? ನನ್ನ ಪುಸ್ತಕದಲ್ಲಿ ಮರಣ ರದ್ದು ಮಾಡದೆ?”

“ಸತ್ತೋರು ಮತ್ತೆ ಹುಟ್ಟಿದ್ರೆ ಅದು ಜನನ. ನಂಗೆ ಸೇರಿದ್ದು” ಎಂದಳು ಜನನದಮ್ಮ.

“ರದ್ದಾಗೋ ತನಕ ನಂದು!”

“ಹನ್ನೊಂದು ವರ್ಷದಿಂದ ಎಲ್ಲಾ ನಿಮ್ಮದೇ!”

ಹನ್ನೊಂದು ವರ್ಷಗಳ ಮೌನ ಮುರಿದದ್ದು ಇಬ್ಬರಿಗೂ ಒಟ್ಟಿಗೇ ತಿಳಿಯಿತು, ಇಬ್ಬರಿಗೂ ಕೆಡುಕೆನಿಸಿತು.

“ಐದೇ ನಿಮಿಷ ಮೇಡಂ” ಎಂದ ರಿಬ್ಬನ್ನಣ್ಣ. “ನೀರಲ್ಲಿ ಸತ್ತ ಕಾರ್ಡಿನ ನಂಬರು ಇದಕ್ಕೆ ಹೇಳಿಕೊಟ್ರೆ...”

“ಇನ್ನು ಯಾರಿಗೂ ಏನೂ ಹೇಳಿಕೊಡಬೇಡಿ” ಎಂದಳು ಅಧಿಕಾರಿ. ಕೈಯಲ್ಲಿದ್ದ ಹಾಳೆಗಳನ್ನು ಮಡಿಸಿದಳು. “ಹಳೇ ಕಾರ್ಡು ಅದರ ಸ್ವಂತ ನಂಬರಿನ ಜೊತೆ ಮರಣ ವಿಭಾಗಕ್ಕೆ ಹೋಗಲಿ. ಈಗ ಮರಣದಲ್ಲಿರೋ ಹೊಸದು ಅದರ ಸ್ವಂತ ನಂಬರಿನ ಜೊತೆ ಜನನಕ್ಕೆ. ಅರ್ಜಿ ಇವತ್ತೇ ಹೋಗ್ಬೇಕು. ಒಪ್ಪಿಗೆ ಬರೋ ತನಕ ಇಬ್ಬರೂ ಒಂದೇ ಕಂಪ್ಯೂಟರಿನಲ್ಲಿ ಕೆಲಸ ಮಾಡಿ.”

“ಒಂದೇ ಕೋಣೇಲಿ?” ಎಂದರು ಇಬ್ಬರೂ.

“ಒಂದೇ ಕನ್ನಡಕ” ಎಂದಳು ಅಜ್ಜಿ, ಯಾರೂ ಕೇಳದಿದ್ದರೂ.

“ಮತ್ತೆ ನಾನು, ಮೇಡಂ?” ಎಂದ ರಿಬ್ಬನ್ನಣ್ಣ.

“ಶನಿವಾರದ ಒಳಗೆ ಸರಿಮಾಡಿ ಅಂದಿದ್ದೆ. ಇವತ್ತು ಶುಕ್ರವಾರ. ನೀವು ಇಲ್ಲೇ ಇರಿ.” ಅವನ ಬೆನ್ನು ನೆಟ್ಟಗಾಗುವಷ್ಟರಲ್ಲಿ ಅವಳು ಮುಂದುವರಿಸಿದಳು: “ಆದ್ರೆ ಇನ್ನು ಮೇಲೆ ನಿಮ್ಮ ಡಬ್ಬಿಗಳಿಗೂ ಈ ಕಚೇರಿ ನಿಯಮನೇ. ಕಾರ್ಡು ಕೆಟ್ಟರೆ ಬಲಗಡೆ ಕಿಟಕೀಲಿ ಬರೆಸಬೇಕು. ಎಬ್ಬಿಸಿದ್ರೆ ಎಡಗಡೆ ಕಿಟಕೀಲಿ. ಎರಡೂ ಕಡೆ ಸಾಲಲ್ಲಿ ನಿಂತು.”

ಒಪ್ಪಿಗೆ ಬರಲು ಹನ್ನೊಂದು ವಾರ ಹಿಡಿಯಿತು. ಆ ಹನ್ನೊಂದು ವಾರದಲ್ಲಿ ಆ ಇಬ್ಬರು ಗುಮಾಸ್ತರು ಗೆಳೆಯರಾದರೆಂದು ಯಾರೂ ಭಾವಿಸಬೇಕಾಗಿಲ್ಲ. ಕುರ್ಚಿಯ ಎತ್ತರಕ್ಕೆ, ಫ್ಯಾನಿನ ವೇಗಕ್ಕೆ, ಪರದೆಯ ಬೆಳಕಿಗೆ ದಿನವೂ ಜಗಳವಾಡಿದರು. ಹಿಂದೆ ಚೀಟಿಯಲ್ಲಿ ಆಡುತ್ತಿದ್ದುದನ್ನು ಈಗ ಬಾಯಲ್ಲಿ ಆಡಿದರು, ಉಳಿತಾಯವಾದದ್ದು ಕಾಗದ ಮಾತ್ರ. ಒಪ್ಪಿಗೆ ಬಂದ ದಿನವೇ ಜನನದಮ್ಮ ತನ್ನ ಸಾಮಾನು ಎತ್ತಿಕೊಂಡು ಗೋಡೆಯಾಚೆ ಹೋದಳು. ಸ್ಟೇಪ್ಲರು ಮತ್ತೆ ಅವಳ ಜೊತೆ ಹೋಗಿತ್ತೆಂದು ಮರಣದಪ್ಪನ ದೂರು.

ಹೊಸ ಕಾರ್ಡನ್ನು ಅದರ ಸ್ವಂತ ನಂಬರಿನಲ್ಲಿ ರಿಬ್ಬನ್ನಣ್ಣ ಎಬ್ಬಿಸಿದ. ಹಸಿರು ದೀಪ ಬಂತು. ವಿಳಾಸ ಬಂತು. ಬೇರೆ ಯಾರಾದರೂ ಇದ್ದೀರಾ ಎಂದು ಅದು ಕೇಳಿತು, ಯಾರೂ ಉತ್ತರ ಕೊಡಲಿಲ್ಲ. ಈ ಸಲ ಅವನು ಅಷ್ಟಕ್ಕೇ ನಂಬಲಿಲ್ಲ. ಪಡಸಾಲೆಗೆ ಬಂದು ನಿಂತು ಕೂಗಿದ.

“ಜನನ?”

“ಬಂತು!”

“ಮರಣ?”

“ಇಲ್ಲೂ ಇದೆ!”

ಆಮೇಲೆ ಹೂದಾನಿಯ ನೀರಿಗೆ ಸತ್ತಿದ್ದ ಕಾರ್ಡನ್ನು ಕೈಯಲ್ಲಿ ಹಿಡಿದುಕೊಂಡು ಬಲಗಡೆ ಸಾಲಿಗೆ ಹೋದ. ಮುಂದೆ ಆರು ಜನ ಇದ್ದರು. ಅವನ ಸರದಿ ಬಂದಾಗ ಮರಣದಪ್ಪ, ಕಾರ್ಡುಗಳಿಗೆಂದೇ ಅಧಿಕಾರಿ ತೆರೆಸಿದ್ದ ತೆಳು ಪುಸ್ತಕವನ್ನು ಬಿಡಿಸಿ, ಪೆನ್ನಿನ ಮುಚ್ಚಳ ತೆಗೆದು, ಎಂದಿನ ದನಿಯಲ್ಲಿ ಕೇಳಿದ.

“ನಂಬರು?”

ರಿಬ್ಬನ್ನಣ್ಣ ಹೇಳಿದ.

“ಸ್ವಂತದ್ದಾ?”

“ಸ್ವಂತದ್ದೇ.”

“ಕಾರಣ?”

“ಹೂದಾನಿ.”

ಕಿಂಡಿಯಲ್ಲಿ ಜನನದಮ್ಮನ ಮುಖ ಕಾಣಿಸಿತು. “ಹೂದಾನಿ ಅಂತ ಬರೀಬೇಡಿ! ನೀರು ಅಂತ ಬರೀರಿ!”

ಮರಣದಪ್ಪ ತಲೆ ಎತ್ತಲಿಲ್ಲ. ದುಂಡಗಿನ ಅಕ್ಷರದಲ್ಲಿ, ಆಕೆಗೆ ಕಿಂಡಿಯಿಂದ ಓದಲು ಸಿಗುವಷ್ಟು ದೊಡ್ಡದಾಗಿ, “ಹೂದಾನಿ” ಎಂದು ಬರೆದ.